ಮೊಬೈಲ್‌ದಾಗ ತಾರೀಖು ಅದ!

ಬಾರ್ ಕೌನ್ಸಿಲ್ ನಿಯಮದಲ್ಲಿ ವಕೀಲರ ಮೇಲೆ ಒಂದು ಕರುಣೆ ಇದೆ. ಸುಪ್ರೀಂ ಕೋರ್ಟ್, ಹೈಕೋರ್ಟ್ ಬಿಟ್ಟು ಉಳಿದ ಕಡೆ ಬೇಸಿಗೆಯಲ್ಲಿ ಕರಿಕೋಟು ಕಡ್ಡಾಯ ಅಲ್ಲ. 44 ಡಿಗ್ರಿ ಬಿಸಿಲು ಕಾಣುವ ಕಲಬುರಗಿಗೆ ಇದಕ್ಕಿಂತ ದೊಡ್ಡ ನ್ಯಾಯ ಇನ್ನೇನು ಬೇಕು? ಆದರೆ ಪವರ್ ಬ್ಯಾಂಕಿಗೆ ಮಾತ್ರ ಯಾವ ಕಾಲದಲ್ಲೂ ವಿನಾಯಿತಿ ಇಲ್ಲ. ಕೋಟಿಲ್ಲದೆ ವಾದ ಮಾಡಬಹುದು, ಚಾರ್ಜಿಲ್ಲದೆ ಆಗಲ್ಲ. ದಿನದ ಕೇಸುಗಳ ಪಟ್ಟಿಯಾದ ಕಾಸ್ ಲಿಸ್ಟ್ ಮೊಬೈಲ್‌ನಲ್ಲಿ, ಕಾಯ್ದೆ ಪುಸ್ತಕ ಮೊಬೈಲ್‌ನಲ್ಲಿ, ಕಕ್ಷಿದಾರನ ಪಹಣಿ ಮೊಬೈಲ್‌ನಲ್ಲಿ. ಫೀಸು ಬಂತೆಂದು ಟಣ್ ಅನ್ನುವ ಸದ್ದೂ ಅದರಲ್ಲೇ, ಅದೂ ಅಪರೂಪಕ್ಕೆ. ಹೀಗಾಗಿ ಕೋರ್ಟ್ ಹಾಲಿನಲ್ಲಿ ಮುಂದಿನ ಸಾಲಿನ ಕುರ್ಚಿಗೆ ಮೊದಲಿನ ಬೆಲೆ ಉಳಿದಿಲ್ಲ. ಪ್ಲಗ್ ಪಾಯಿಂಟ್ ಪಕ್ಕದ ಕುರ್ಚಿಗೆ ಸೀನಿಯರ್‌ಗಳೇ ಪೈಪೋಟಿಗೆ ಬೀಳುತ್ತಾರೆ.

ಇದೆಲ್ಲ ಶುರುವಾದದ್ದು ಇ-ಕೋರ್ಟ್ಸ್ ಆ್ಯಪ್‌ನಿಂದ. ಪ್ರತಿ ಕೇಸಿಗೂ ಬೇರೆಯೇ ಇರುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಒತ್ತಿದರೆ ಕೇಸಿನ ಪೂರ್ತಿ ಜಾತಕ ತೆರೆದುಕೊಳ್ಳುತ್ತದೆ. ಯಾವತ್ತು ಹಾಕಿದ್ದು, ಯಾವತ್ತು ಕರೆದದ್ದು, ಮುಂದೆ ಯಾವತ್ತು, ಎಲ್ಲ ಅಲ್ಲಿದೆ. ಇದರಿಂದ ಜಾಸ್ತಿ ಪೆಟ್ಟು ಬಿದ್ದದ್ದು ನಮ್ಮ ವಕೀಲರ ಸುಳ್ಳಿಗೆ. ಮೊದಲು ಆಳಂದದಿಂದ ಬಸ್ಸಿಗೆ ಬಂದ ರೈತ ಕೋರ್ಟಿನ ಹೊರಗೆ ಬೇವಿನ ನೆರಳಲ್ಲಿ ಕೂತಿರುತ್ತಿದ್ದ. ವಕೀಲರು ಹೊರಗೆ ಬಂದು ಹಣೆ ಒರೆಸಿಕೊಂಡು ಹೇಳಿದ್ದೇ ತೀರ್ಪು. ಈಗ ರೈತ ಊರಲ್ಲೇ ಇರುತ್ತಾನೆ. ಪಿಯುಸಿ ಓದುವ ಮೊಮ್ಮಗ ಫೋನ್ ಮಾಡುತ್ತಾನೆ.

"ಸಾಹೇಬ್ರ, ಇವತ್ತು ನಮ್ಮ ಮುತ್ಯಾನ ಕೇಸ್ ಏನಾಯ್ತ್ರಿ?"

"ಭಾರಿ ವಾದ ಮಾಡೀನಪಾ. ಗಂಟಲು ಬಿದ್ದದ ನೋಡು."

"ಮೊಬೈಲ್‌ದಾಗ ವಕೀಲರು ಗೈರು ಅಂತ ಅದಲ್ರಿ."

ಇಂಥ ಹೊತ್ತಿನಲ್ಲಿ ನೆಟ್‌ವರ್ಕ್ ಹೋಗುವುದೊಂದೇ ದಾರಿ. ಸಾಹೇಬರು 'ಹಲೋ, ಹಲೋ' ಅನ್ನುತ್ತಲೇ ಫೋನ್ ಇಡುತ್ತಾರೆ.

ಆದರೆ ಮೊಮ್ಮಗ ಗೆದ್ದ ಅಂದುಕೊಳ್ಳಬೇಡಿ. ಅವನಿಗೆ ಸಿಕ್ಕಿದ್ದೂ ಮುತ್ಯಾನಿಗೆ ಸಿಗುತ್ತಿದ್ದ ಅದೇ ತಾರೀಖು. ಮೊದಲು ಅದು ತಿಳಿಯಲು ಒಂದು ದಿನದ ಕೂಲಿ, ಹೋಗಿ ಬರುವ ಬಸ್ ಚಾರ್ಜು, ನಡುವೆ ಒಂದು ಪ್ಲೇಟ್ ಸುಸಲಾ-ಮಿರ್ಚಿ ಖರ್ಚಾಗುತ್ತಿತ್ತು. ಈಗ ತೊಗರಿ ಹೊಲದ ಬದುವಿನ ಮೇಲೆ ಕೂತೇ ನಿರಾಶೆ ಪಡಬಹುದು. ಡೇಟಾ ಪ್ಯಾಕ್ ಇದ್ದರೆ ಸಾಕು.

ಇನ್ನು ಇ-ಫೈಲಿಂಗ್. ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ ಕೇಂದ್ರ ಸಂಪುಟ 2023ರ ಸೆಪ್ಟೆಂಬರ್‌ನಲ್ಲಿ 7,210 ಕೋಟಿ ರೂಪಾಯಿ ಒಪ್ಪಿತು. ಗುರಿ, ಕಾಗದವೇ ಇಲ್ಲದ ಕೋರ್ಟು. ಆ ಗುರಿಯತ್ತ ನಾವು ಹೋಗುವ ದಾರಿ ನೋಡಿ. ದಾವೆಯನ್ನು ಕಂಪ್ಯೂಟರ್‌ನಲ್ಲಿ ಟೈಪ್ ಮಾಡುತ್ತೇವೆ. ಪ್ರಿಂಟ್ ತೆಗೆದು ಕಕ್ಷಿದಾರನ ಸಹಿ ಹಾಕಿಸುತ್ತೇವೆ, ಸಹಿ ಬಾರದವರದು ಹೆಬ್ಬೆಟ್ಟು. ಅದನ್ನು ಸ್ಕ್ಯಾನ್ ಮಾಡಿ ಮತ್ತೆ ಕಂಪ್ಯೂಟರಿಗೆ ಹತ್ತಿಸುತ್ತೇವೆ. ಫೈಲ್ ದೊಡ್ಡದಾಯ್ತು ಅನ್ನುತ್ತದೆ. ಹಿಂಡಿ ಹಿಂಡಿ ಚಿಕ್ಕದು ಮಾಡುತ್ತೇವೆ. ಅಷ್ಟರಲ್ಲಿ ಸರ್ವೆ ನಂಬರ್ 83 ಮಸುಕಾಗಿ 33ರಂತೆ ಕಾಣುತ್ತಿರುತ್ತದೆ, ಒಡ್ಡಿನ ಜಗಳ ಬೇರೆಯವರ ಹೊಲಕ್ಕೆ ದಾಟಿರುತ್ತದೆ. ಇರಲಿ, ಕೊನೆಗೂ ಅಪ್‌ಲೋಡ್ ಆಗುತ್ತದೆ. ಆದ ರಸೀದಿಯನ್ನು ಪ್ರಿಂಟ್ ತೆಗೆದುಕೊಂಡು ಕೌಂಟರಿಗೆ ಹೋದರೆ ಒಳಗಿನಿಂದ ಒಂದೇ ಪ್ರಶ್ನೆ: "ಹಾರ್ಡ್ ಕಾಪಿ ಎಲ್ಲಿ ಅದ್ರಿ?"

ಕಾಗದ ಇಲ್ಲದ ಕೋರ್ಟಿನ ಸುದ್ದಿ ಬಂದ ಮೇಲೆ ಝೆರಾಕ್ಸ್ ಅಂಗಡಿಯವನು ಎರಡನೇ ಮಷಿನ್ ತಂದ. ಅವನಿಗಿರುವಷ್ಟು ದೂರದೃಷ್ಟಿ ನಮ್ಮಲ್ಲಿ ಯಾರಿಗೂ ಇಲ್ಲ.

ಸಾಕ್ಷ್ಯದ ಕಥೆ ಇನ್ನೂ ಚೆನ್ನ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಡಿಜಿಟಲ್ ಸಾಕ್ಷ್ಯದ ಬಗ್ಗೆ ಹಳೆಯ ಕಾಯ್ದೆಯಲ್ಲಿದ್ದ 65ಬಿ ಕಲಂ ಹೋಗಿ 63ನೇ ಕಲಂ ಬಂತು. ವಾಟ್ಸ್‌ಆ್ಯಪ್ ಮೆಸೇಜ್ ಸಾಕ್ಷಿ ಆಗಬೇಕಾದರೆ ಎರಡು ಭಾಗದ ಪ್ರಮಾಣಪತ್ರ ಬೇಕು. ಒಂದಕ್ಕೆ ಹಾಜರುಪಡಿಸುವವನ ಸಹಿ, ಇನ್ನೊಂದಕ್ಕೆ ತಜ್ಞನ ಸಹಿ. ಜೊತೆಗೆ ಹ್ಯಾಶ್ ವ್ಯಾಲ್ಯೂ, ಅಂದರೆ ಫೈಲ್ ಬದಲಾಗಿಲ್ಲ ಎಂದು ತೋರಿಸುವ ಅಂಕಿ-ಅಕ್ಷರಗಳ ಗುರುತು, ಬರೆಯಬೇಕು. ಜೇವರ್ಗಿ ಕಡೆಯ ಕಕ್ಷಿದಾರರೊಬ್ಬರಿಗೆ ಇದನ್ನು ತಿಳಿಸಿ ಹೇಳಿದರೆ ಬಹಳ ಗಂಭೀರವಾಗಿ ಕೇಳಿಸಿಕೊಂಡರು. ಆಮೇಲೆ ಕೇಳಿದರು: "ಅದು ಸೂಪರ್ ಮಾರ್ಕೆಟ್‌ದಾಗ ಸಿಗ್ತದೇನ್ರಿ?" ಅವರನ್ನು ನೋಡಿ ನಕ್ಕ ಜೂನಿಯರ್‌ಗೂ ಅದು ಎಲ್ಲಿ ಸಿಗುತ್ತದೆ ಅಂತ ಗೊತ್ತಿರಲಿಲ್ಲ ಬಿಡಿ. ಕೊನೆಗೆ ತಿಳಿದದ್ದೇನೆಂದರೆ, ಮೆಸೇಜ್ ಬಂದಿದ್ದ ಫೋನನ್ನು ಅವರು ದೀಪಾವಳಿ ಆಫರ್‌ನಲ್ಲಿ ಎಕ್ಸ್‌ಚೇಂಜ್‌ಗೆ ಕೊಟ್ಟಿದ್ದಾರೆ. ಉಳಿದದ್ದು ಅಳಿಯ ಕಳಿಸಿದ ಒಂದು ಸ್ಕ್ರೀನ್‌ಶಾಟ್. ಅದರ ಮೇಲೂ ಅರ್ಧ ಭಾಗ 'ಶುಭೋದಯ' ಗುಲಾಬಿ.

ವಕೀಲರು ಪ್ರಚಾರ ಮಾಡಿಕೊಳ್ಳಬಾರದು ಎಂದು ಬಾರ್ ಕೌನ್ಸಿಲ್‌ನ 36ನೇ ನಿಯಮ ಹೇಳುತ್ತದೆ. ನಾವು ಅದನ್ನು ಚಾಚೂ ತಪ್ಪದೆ ಪಾಲಿಸುತ್ತೇವೆ. ಸ್ಟೇಟಸ್‌ನಲ್ಲಿ ಹಾಕುವುದು ಬರೀ ಭಕ್ತಿ: 'ಶರಣಬಸವೇಶ್ವರರ ಕೃಪೆಯಿಂದ ಇಂದು ಮತ್ತೊಂದು ಜಾಮೀನು.' ಕೆಳಗೆ ಮೊಬೈಲ್ ನಂಬರ್. ಅದು ದೇವರಿಗೆ ಬೇಕಾಗಬಹುದು ಅಂತ.

ಸಮನ್ಸ್ ಮುಟ್ಟಿಸುವ ಬೇಲಿಫರ ಕೈಗೂ ಆ್ಯಪ್ ಬಂದಿದೆ, ಎನ್‌ಸ್ಟೆಪ್ ಅಂತ ಹೆಸರು. ಮೊದಲು ಸಮನ್ಸ್ ಹಿಂದೆ 'ಮನೆಗೆ ಬೀಗ' ಎಂದು ಬರೆದು ಬಂದರೆ ಅದನ್ನು ಬರೆದದ್ದು ಮನೆ ಮುಂದೆಯೋ ಚಹಾದಂಗಡಿಯಲ್ಲೋ ಎಂಬ ಅನುಮಾನ ಇರುತ್ತಿತ್ತು. ಈಗ ಜಿಪಿಎಸ್ ಸಮೇತ ಬೀಗದ ಫೋಟೋ ಬರುತ್ತದೆ. ಬೀಗ ಸ್ಪಷ್ಟವಾಗಿ ಕಾಣುತ್ತದೆ, ಕಂಪನಿ ಹೆಸರೂ ಓದಬಹುದು. ಸಮನ್ಸ್ ಮಾತ್ರ ಜಾರಿ ಆಗಿರುವುದಿಲ್ಲ. ಅಫಜಲಪುರ ಕಡೆ ಬೇಸಿಗೆಯಲ್ಲಿ ಬೀಗ ಬಿದ್ದಿದೆ ಅಂದರೆ ಮನೆಯವರು ಪುಣೆಗೋ ಮುಂಬೈಗೋ ದುಡಿಯಲು ಹೋಗಿದ್ದಾರೆ ಎಂದರ್ಥ. ಓಣಿಗೆಲ್ಲ ಗೊತ್ತಿರುವ ಇದು ಉಪಗ್ರಹಕ್ಕೆ ಗೊತ್ತಿಲ್ಲ.

ಹೀಗೆ ಎಲ್ಲೂ ಸಿಗದ ಪ್ರತಿವಾದಿಯೊಬ್ಬ ಮೊನ್ನೆ ವಾದಿಯ ವಕೀಲರಿಗೇ ಫೋನ್ ಮಾಡಿದ್ದ. ಪುಣೆಯಲ್ಲಿ ಕಟ್ಟಡದ ಕೆಲಸ, ಹಿಂದೆ ಕಾಂಕ್ರೀಟ್ ಮಷಿನ್ ಸದ್ದು.

"ಸಾಹೇಬ್ರ, ನನ್ನ ಮ್ಯಾಲ ಕೇಸ್ ಹಾಕೀರಂತಲ್ರಿ. ಮೊಬೈಲ್‌ದಾಗ ದಿನಾ ನೋಡ್ಲಾಕತ್ತೀನ್ರಿ. ನಂಗ ಸಮನ್ಸ್ ಮುಟ್ಟಿಲ್ಲಂತ ಮತ್ತ 18ಕ್ಕ ತಾರೀಖು ಕೊಟ್ಟಾರ. ಈ ಸಲ ನೀವು ತಪ್ಪಸಬ್ಯಾಡ್ರಿ."