ಸೆಲ್ಫಿ ಕಳಿಸಿ, ಸೋಂಕು ಓಡಿಸಿ

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಅದರ ನಿಯಂತ್ರಣಕ್ಕೆ ನೆರವಾಗಲೆಂದು ಊರಿನಲ್ಲಿ ಟೆಲಿಫೋನ್ ತಂತಿಗಳನ್ನು ಎಳೆಯಲಾಯಿತು. ಪಿಡುಗನ್ನು ಫೋನಿನಿಂದ ಹಿಡಿಯಬಹುದೆಂಬ ನಂಬಿಕೆ ನಮ್ಮಲ್ಲಿ ಅಷ್ಟು ಹಳೆಯದು. ಆದರೆ ಅಂದಿನವರಿಗೆ ಆ ನಂಬಿಕೆ ಅಷ್ಟೇನೂ ಗಟ್ಟಿಯಾಗಿರಲಿಲ್ಲವೆಂದು ಕಾಣುತ್ತದೆ. ತಂತಿ ಎಳೆದ ಮೇಲೂ ಸುಮ್ಮನೆ ಕೂರದೆ, ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬಂದು ಉಸಿರಾಡಲೆಂದು ಮಲ್ಲೇಶ್ವರ, ಬಸವನಗುಡಿಗಳನ್ನು ಬೆಳೆಸಿದರು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯನ್ನೂ ತೆರೆದರು. ಇವೆಲ್ಲದರ ಮೇಲೂ ಸಂಶಯ ಉಳಿದವರು ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. 122 ವರ್ಷಗಳ ತರುವಾಯ ಕೊರೊನಾ ಬಂದಾಗ ನಾವು ಇಂತಹ ದುಂದಿಗೆ ಇಳಿಯಲಿಲ್ಲ. ಗುಡಿಯ ಜಾಗದಲ್ಲಿ ಆ್ಯಪನ್ನು ಪ್ರತಿಷ್ಠಾಪಿಸಿದೆವು.

2020ರ ಮಾರ್ಚ್ 30ರ ಆದೇಶವನ್ನು ಇಲ್ಲಿ ಭಕ್ತಿಯಿಂದಲೇ ನೆನೆಯಬೇಕು. ಅಂದಿನ ವೈದ್ಯಕೀಯ ಶಿಕ್ಷಣ ಸಚಿವ ಡಾ. ಕೆ. ಸುಧಾಕರ್ ಅವರು ಪ್ರಕಟಿಸಿದ ಅದರ ಪ್ರಕಾರ, ಮನೆಯಲ್ಲಿ ಕ್ವಾರಂಟೈನ್‌ಗೆ ಒಳಗಾದ ಪ್ರತಿಯೊಬ್ಬರೂ ಗಂಟೆಗೊಮ್ಮೆ ತಮ್ಮ ಸೆಲ್ಫಿ ತೆಗೆದು ‘ಕ್ವಾರಂಟೈನ್ ವಾಚ್’ ಎಂಬ ಆ್ಯಪಿನ ಮೂಲಕ ಸರ್ಕಾರಕ್ಕೆ ಕಳಿಸಬೇಕಿತ್ತು. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಮಾತ್ರ ವಿನಾಯಿತಿ. ಓಡಿಹೋಗುವ ಮನಸ್ಸಿದ್ದವರಿಗೆ ಸರ್ಕಾರವೇ ವೇಳಾಪಟ್ಟಿ ಬರೆದುಕೊಟ್ಟಂತಾಯಿತು ಎಂದು ಕುಹಕಿಗಳು ಹೇಳಬಹುದು. ನಾನು ಹಾಗೆ ಹೇಳುವುದಿಲ್ಲ. ದಿನಕ್ಕೆ 15ರ ಲೆಕ್ಕದಲ್ಲಿ 14 ದಿನಗಳಿಗೆ 210 ಸೆಲ್ಫಿಗಳು. ಒಂದೇ ಒಂದು ಫೋಟೊ ಕಳಿಸಿ, ಅದನ್ನೇ ನೋಡಿ ಹೆಣ್ಣು ಗಂಡುಗಳ ಬಾಳನ್ನು ತೀರ್ಮಾನಿಸುತ್ತಿದ್ದ ಸಮಾಜಕ್ಕೆ, ಇನ್ನೂ ನೆಗಡಿಯೂ ಬಾರದ ಮನುಷ್ಯನೊಬ್ಬ ತನ್ನ ಮನೆಯಲ್ಲಿಯೇ ಇದ್ದಾನೆಂದು ನಂಬಲು 210 ಬೇಕಾದವು.

ಆ ಪಟಗಳು ಬರಿದೇ ಸರ್ವರಿನಲ್ಲಿ ಬಿದ್ದಿರುತ್ತಿರಲಿಲ್ಲ. ಒಂದೊಂದನ್ನೂ ಪರಿಶೀಲಿಸಲು ತಂಡವೊಂದು ಇರುತ್ತದೆಂದು ಆದೇಶವೇ ಹೇಳಿತ್ತು. ಬೆಳಿಗ್ಗೆ ಹಲ್ಲುಜ್ಜದ ಮುಖ, ಎಣ್ಣೆ ಹಚ್ಚಿಕೊಂಡ ಮುಖ, ಮಧ್ಯಾಹ್ನ ಮುದ್ದೆ ನುಂಗುತ್ತಿರುವ ಮುಖ, ಸಂಜೆಯ ವೇಳೆಗೆ ಸರ್ಕಾರದ ಮೇಲೆಯೇ ಬೇಸರ ಬಂದ ಮುಖ, ಹೀಗೆ ನಾಡಿನ ಮುಖಚಹರೆಗಳ ಅಷ್ಟು ದೊಡ್ಡ ಸಂಗ್ರಹ ಯಾವ ಸಮಾಜಶಾಸ್ತ್ರಜ್ಞನಿಗೂ ದಕ್ಕಿರಲಾರದು. ಮುಖದಲ್ಲಿ ಜ್ವರ ಕಾಣುವುದಿಲ್ಲ, ಉಸಿರಿನ ಏದು ಕೇಳಿಸುವುದಿಲ್ಲ ಎಂಬುದು ಬೇರೆ ಮಾತು. ಆ್ಯಪು ಕೇಳಿದ್ದು ನೀವು ಎಲ್ಲಿದ್ದೀರಿ ಎಂದು, ಹೇಗಿದ್ದೀರಿ ಎಂದಲ್ಲ. ಊಟವಾದ ಮೇಲೆ ಕಣ್ಣಿಗೆ ಜೊಂಪು ಹತ್ತಿ ಮೂರು ಗಂಟೆಯ ಸೆಲ್ಫಿ ತಪ್ಪಿತೆನ್ನಿ, ಅಂಥವರನ್ನು ಮನೆಯಿಂದ ಎಬ್ಬಿಸಿ ಸರ್ಕಾರದ ಸಾಮೂಹಿಕ ಕ್ವಾರಂಟೈನ್‌ಗೆ ಕರೆದೊಯ್ಯುವ ಎಚ್ಚರಿಕೆಯಿತ್ತು. ಜನ ಗುಂಪುಗೂಡಿದರೆ ಸೋಂಕು ಹರಡುತ್ತದೆಂದು ಹಗಲಿರುಳು ಸಾರುತ್ತಿದ್ದ ಆಡಳಿತವು, ಒಂಟಿಯಾಗಿ ಮಲಗಿದ್ದಕ್ಕೆ ಗುಂಪಿನ ಶಿಕ್ಷೆಯನ್ನು ಕಂಡುಹಿಡಿದಿತ್ತು. ಇದೇ ದಿನಗಳಲ್ಲಿ ಕ್ವಾರಂಟೈನ್‌ನಲ್ಲಿದ್ದ ಸಾವಿರಾರು ಜನರ ಮನೆಯ ವಿಳಾಸಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಿ, ಮತದಾನದ ನೆನಪು ತರುವಂತೆ ಕೈಗೆ ಶಾಯಿಯ ಮುದ್ರೆಯನ್ನೂ ಒತ್ತಲಾಗಿತ್ತಾದ್ದರಿಂದ, ನೆರೆಹೊರೆಯವರಿಗೂ ಪರಿಶೀಲನೆಯಲ್ಲಿ ಒಂದು ಪಾಲು ದೊರೆಯಿತು. ಹಾಲಿನವನು ಮೂರನೆಯ ತಿರುವಿನಿಂದಲೇ ಹಿಂದಿರುಗುತ್ತಿದ್ದ.

ರಾಜ್ಯ ಹೀಗೆ ಮುಖ ನೋಡುತ್ತಿರುವಾಗ ಕೇಂದ್ರ ನೆರಳು ನೋಡಲು ಹೊರಟಿತು. 2020ರ ಏಪ್ರಿಲ್ 2ರಂದು ಬಂದ ‘ಆರೋಗ್ಯ ಸೇತು’, ಬ್ಲೂಟೂತಿನ ಮೂಲಕ ಸುತ್ತಲಿನ ಫೋನುಗಳನ್ನು ಗುರುತಿಟ್ಟುಕೊಂಡು, ಅವರಲ್ಲಿ ಯಾರಿಗಾದರೂ ಸೋಂಕು ತಗಲಿದರೆ ನಿಮ್ಮನ್ನು ಎಚ್ಚರಿಸಬೇಕಿತ್ತು. ತೊಂದರೆಯೆಂದರೆ, ಬ್ಲೂಟೂತಿಗೆ ಗೋಡೆಯ ಪರಿವೆ ಕಡಿಮೆ, ವೈರಸ್ಸಿಗೆ ಗೋಡೆ ತೂರುವ ವಿದ್ಯೆ ಗೊತ್ತಿಲ್ಲ. ಹಾಗಾಗಿ ಪಾರ್ಕಿಂಗಿನ ಜಗಳದಲ್ಲಿ ನಾಲ್ಕು ವರ್ಷಗಳಿಂದ ಮಾತು ಬಿಟ್ಟ ಪಕ್ಕದ ಫ್ಲ್ಯಾಟಿನವನು ನಿಮ್ಮ ನಿಕಟ ಸಂಪರ್ಕದವನಾಗಲು ಸಾಧ್ಯವಿತ್ತು. ಸಂತೆಯಲ್ಲಿ ನಿಮ್ಮ ಹೆಗಲ ಮೇಲೆಯೇ ಸೀನಿದವನ ಬಳಿ ಸ್ಮಾರ್ಟ್‌ಫೋನ್ ಇಲ್ಲದಿದ್ದರೆ ಅವನು ಸೇತುವಿನ ಪಾಲಿಗೆ ಹುಟ್ಟಿಯೇ ಇರಲಿಲ್ಲ. ಮೇ 1ರಂದು ಗೃಹ ಸಚಿವಾಲಯವು ಸರ್ಕಾರಿ, ಖಾಸಗಿ ನೌಕರರೆಲ್ಲರಿಗೂ ಅದನ್ನು ಕಡ್ಡಾಯ ಮಾಡಿ, ಮೇ 17ರಂದು ಕೈಲಾದಷ್ಟು ಪ್ರಯತ್ನಿಸಿ ಎಂಬ ಮಟ್ಟಕ್ಕೆ ಇಳಿಸಿತು. ಕೋಟಿಗಟ್ಟಲೆ ಜನ ಅದನ್ನು ಇಳಿಸಿಕೊಂಡ ಮೇಲೆ, ಇದನ್ನು ತಯಾರಿಸಿದವರು ಯಾರು ಎಂದು ಮಾಹಿತಿ ಹಕ್ಕಿನಡಿ ಕೇಳಿದರೆ ಸಮರ್ಪಕ ಉತ್ತರವೇ ಬರಲಿಲ್ಲ. 2020ರ ಅಕ್ಟೋಬರಿನಲ್ಲಿ ಕೇಂದ್ರ ಮಾಹಿತಿ ಆಯೋಗ ಸಂಬಂಧಪಟ್ಟವರನ್ನು ತರಾಟೆಗೆ ತೆಗೆದುಕೊಂಡ ಬಳಿಕವೇ ಸರ್ಕಾರದ ಸ್ಪಷ್ಟನೆ ಬಂದದ್ದು. ಯಾರು ಯಾರ ಪಕ್ಕದಲ್ಲಿ ಎಷ್ಟು ಹೊತ್ತು ಕುಳಿತಿದ್ದರೆಂದು ಹೇಳಬಲ್ಲ ಕೂಸಿಗೆ ತನ್ನ ಹೆತ್ತವರ ಹೆಸರು ಬಾಯಿಗೆ ಬರಲಿಲ್ಲ.

ಇಲ್ಲಿಯವರೆಗೆ ನಗಬಹುದು. 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ನಗು ನಿಂತಿತು, ಸಂಖ್ಯೆ ಮಾತ್ರ ನಿಲ್ಲಲಿಲ್ಲ. ಪರೀಕ್ಷೆಗೆ ಮಾದರಿ ಕೊಟ್ಟಾಗ ಅದರ ಗುರುತಿಗೆ ಒಂದು ಎಸ್‌ಆರ್‌ಎಫ್ ಸಂಖ್ಯೆ. ಸೋಂಕು ದೃಢಪಟ್ಟ ಫಲಿತಾಂಶ ಪೋರ್ಟಲ್ಲಿಗೆ ಏರಿದ ಮೇಲೆ ರೋಗಿಯ ಗುರುತಿಗೆಂದು ಪಾಲಿಕೆಯಿಂದ ಇನ್ನೊಂದು ಬಿ.ಯು. (ಬೆಂಗಳೂರು ನಗರ) ಸಂಖ್ಯೆ, ಅದು ಬಂದ ಮೇಲೆ ಹಾಸಿಗೆ ಹಂಚುವ ವಾರ್ ರೂಮು, ಅಲ್ಲಿಂದ ಹಾಸಿಗೆ. ಆಮ್ಲಜನಕದ ಮಟ್ಟ ಮಾತ್ರ ಪೋರ್ಟಲ್ಲಿಗಾಗಿ ಕಾಯದೆ ತನ್ನ ಪಾಡಿಗೆ ಇಳಿಯುತ್ತಿತ್ತು. ಆ ದಿನಗಳಲ್ಲಿ ಫೋನೆತ್ತಿದವರು ಕೇಳುತ್ತಿದ್ದ ಮೊದಲ ಪ್ರಶ್ನೆ ‘ಉಸಿರಾಟ ಹೇಗಿದೆ’ ಎಂದಲ್ಲ, ‘ಬಿ.ಯು. ನಂಬರ್ ಬಂತಾ’ ಎಂದು. ಅದೇ ಮೇ ತಿಂಗಳಲ್ಲಿ, ಮನೆಯಲ್ಲಿಯೇ ಇದ್ದ ಸೋಂಕಿತರ ಹೆಸರಿನಲ್ಲಿ ಹಾಸಿಗೆ ಕಾದಿರಿಸಿ ಬೇರೆಯವರಿಗೆ ಮಾರಿದ ಆರೋಪದ ಮೇಲೆ ಬಂಧನಗಳೂ ಆದವು; ತಂತ್ರಾಂಶದ ಒಳದಾರಿಗಳು ಗೊತ್ತಿದ್ದವರಿಗೆ ಅದು ಜನಸ್ನೇಹಿಯಾಗಿಯೇ ಇತ್ತು. ಮೇ 8ರಂದು ಕೇಂದ್ರ ಆರೋಗ್ಯ ಸಚಿವಾಲಯವು, ಆಸ್ಪತ್ರೆಗೆ ದಾಖಲಾಗಲು ಪಾಸಿಟಿವ್ ವರದಿ ಕಡ್ಡಾಯವಲ್ಲವೆಂದು ಹೇಳಿತು. ಏದುಸಿರು ಬಿಡುತ್ತಿರುವವನು ಕಾಯಿಲೆ ಬಿದ್ದಿರಬಹುದೆಂಬ ಅನುಮಾನಕ್ಕೆ ಅಧಿಕೃತ ಮಾನ್ಯತೆ ದೊರೆತದ್ದು ಹೀಗೆ.

ಲಸಿಕೆಯ ಕಾಲಕ್ಕೆ ಬೆರಳಿನ ಚುರುಕೇ ಅರ್ಹತೆಯಾಯಿತು. 2021ರ ಮೇ 1ರಿಂದ 18ರಿಂದ 44 ವರ್ಷದವರು ಕೋವಿನ್‌ನಲ್ಲಿ ಹೆಸರು ನೋಂದಾಯಿಸಲೇಬೇಕಿತ್ತು; ಆ ಪೋರ್ಟಲ್ಲು ಕನ್ನಡ ಕಲಿತದ್ದು ಜೂನ್ ತಿಂಗಳಲ್ಲಿ. ಅಷ್ಟರೊಳಗೆ ಒಟಿಪಿಯನ್ನೂ ಸ್ಲಾಟನ್ನೂ ಸೆಕೆಂಡುಗಳಲ್ಲಿ ಹಿಡಿಯಬಲ್ಲ ರಾಜಧಾನಿಯ ತರುಣರು ಕಾರು ಹತ್ತಿ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಹೋಗಿ ಲಸಿಕೆ ಪಡೆದು ಬಂದರು. ಆ ಕೇಂದ್ರದ ಎದುರು ಮನೆಯವನು ಜಗುಲಿಯಲ್ಲಿ ಕುಳಿತು ಕಾರಿನ ನಂಬರ್ ಓದಿದ. ಗ್ರಾಮೀಣ ಕುಟುಂಬಗಳಲ್ಲಿ ಕಂಪ್ಯೂಟರ್ ಇರುವುದು ಶೇ 4ರಷ್ಟಕ್ಕೆ ಮಾತ್ರ ಎಂಬ ಸರ್ಕಾರದ್ದೇ ಸಮೀಕ್ಷೆಯ ಅಂಕಿಯನ್ನು ಸರ್ಕಾರಕ್ಕೆ ಸುಪ್ರೀಂ ಕೋರ್ಟ್ ಓದಿ ಹೇಳಬೇಕಾಯಿತು.

ಈ ಎಲ್ಲ ಆ್ಯಪುಗಳ ನಡುವೆ, ಬ್ಯಾಟರಿಯಿಲ್ಲದೆ ನಡೆಯುವ ಒಂದು ಸಾಧನವೂ ರಾಜ್ಯದಲ್ಲಿತ್ತು. ಕೈಯಲ್ಲೊಂದು ರಿಜಿಸ್ಟರ್ ಹಿಡಿದು, ಬಾಗಿಲಿನಾಚೆಯಿಂದಲೇ ಯಾರಿಗೆ ಜ್ವರ, ಯಾರು ಬೇರೆ ಊರಿನಿಂದ ಬಂದರು, ಮನೆಯಲ್ಲಿ ಹಿರಿಯರೆಷ್ಟು ಎಂದು ಕೇಳಿ ಬರೆದುಕೊಳ್ಳುತ್ತಿದ್ದ ಸುಮಾರು 42,000 ಆಶಾ ಕಾರ್ಯಕರ್ತೆಯರು. 2020ರ ಜುಲೈಯಲ್ಲಿ ಅವರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಕೆಲಸ ನಿಲ್ಲಿಸಿದರು. ಮಾಡಿದ ಕೆಲಸದ ಪ್ರೋತ್ಸಾಹಧನವಾದರೂ ಸರಿಯಾಗಿ ಕೈಸೇರಲಿ ಎಂದರೆ, ಅದು ಪೋರ್ಟಲ್ಲಿಗೆ ಗಂಟುಬಿದ್ದಿತ್ತು. ನಡೆದು ಮುಗಿಸಿದ ಮನೆ ಪರದೆಯ ಮೇಲೆ ಮೂಡದಿದ್ದರೆ ದುಡ್ಡಿಲ್ಲ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕುಳಿತಾಗಲೂ ಪೋರ್ಟಲ್ಲಿನ ದೂರು ಬೇಡಿಕೆಗಳ ನಡುವೆ ಇದ್ದೇ ಇತ್ತು. ಅವರು ಇನ್ನೂ ಅಲ್ಲಿಯೇ ಇದ್ದಾರೆಯೇ ಎಂದು ಗಂಟೆಗೊಮ್ಮೆ ಮುಖ ನೋಡುವ ತಂಡವನ್ನು ಮಾತ್ರ ಈ ಬಾರಿ ಯಾರೂ ನೇಮಿಸಲಿಲ್ಲ.