ಪ್ರಮಾಣಪತ್ರ ಬೇಡ, ಮಳೆಮಾಪಕ ಇಡಿಸಿ

ಹೈಸ್ಕೂಲು ಮಕ್ಕಳ ಆನ್‌ಲೈನ್ ಪರಿಸರ ವಿಜ್ಞಾನ ಕಾರ್ಯಾಗಾರಗಳು ನಮ್ಮ ಭಾಗದ ಶಾಲೆಗಳಿಗೆ ಯಾಕೆ ಇಷ್ಟು ಪ್ರಿಯವಾದವು ಎಂದು ಕೇಳಿದರೆ ನನ್ನ ಉತ್ತರ ಸರಳ: ಯಾರೂ ಎಲ್ಲಿಗೂ ಹೋಗಬೇಕಿಲ್ಲ. ಬಸ್ ಗೊತ್ತುಮಾಡಬೇಕಿಲ್ಲ, ಪಾಲಕರ ಒಪ್ಪಿಗೆ ಪತ್ರ ಬೇಕಿಲ್ಲ, ಉಣಕಲ್ ಕೆರೆಯ ದಂಡೆಯಲ್ಲಿ ಯಾರ ಕಾಲು ಜಾರೀತೋ ಎಂದು ಮುಖ್ಯೋಪಾಧ್ಯಾಯರು ಎದೆ ಹಿಡಿದುಕೊಂಡು ಕೂರಬೇಕಿಲ್ಲ. ಸ್ಮಾರ್ಟ್ ಕ್ಲಾಸಿನ ಪರದೆ ಹಚ್ಚಿ, ಎಂಟು-ಒಂಬತ್ತನೇ ತರಗತಿಯವರನ್ನು ಸಾಲಾಗಿ ಕೂರಿಸಿ, ಒಂದು ಫೋಟೊ ತೆಗೆದು ಮೇಲಿನವರಿಗೆ ಕಳುಹಿಸಿದರೆ ಕೆಲಸ ಮುಗಿಯಿತು. ಪರಿಸರವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ನಾವು ಅದನ್ನು ಹೀಗೆ ಪಾಲಿಸುತ್ತಿದ್ದೇವೆ.

ಹುಬ್ಬಳ್ಳಿಯಲ್ಲಿ ವಿಜ್ಞಾನ ಮೇಷ್ಟ್ರಾಗಿರುವ ನಾನು ಇಂಥ ಕಾರ್ಯಾಗಾರಗಳಲ್ಲಿ ಮಕ್ಕಳ ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದೇನೆ. ಭಾಷಣಕಾರರು ತಿಳಿದವರು, ಅದರಲ್ಲಿ ಅನುಮಾನವಿಲ್ಲ. ಆದರೆ ಅರವತ್ತು ಸ್ಲೈಡುಗಳನ್ನು ನಲವತ್ತು ನಿಮಿಷದಲ್ಲಿ, ಅದೂ ಇಂಗ್ಲಿಷಿನಲ್ಲಿ ಓಡಿಸಿ, ಕೊನೆಗೆ 'ಪ್ರಶ್ನೆಗಳಿವೆಯೇ' ಎಂದರೆ ಕನ್ನಡ ಮಾಧ್ಯಮದ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಒಂದೇ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: 'ಸರ್, ಸರ್ಟಿಫಿಕೇಟ್ ಯಾವಾಗ?'

ಇಷ್ಟು ಬೈದರೂ ಆನ್‌ಲೈನ್ ಬೇಡ ಎಂದು ನಾನು ಹೇಳುವುದಿಲ್ಲ. ಬೇಕು. ಅದರಿಂದ ಮಾತ್ರ ಆಗುವ ಒಂದು ಕೆಲಸವಿದೆ, ಅದನ್ನೊಂದೇ ನಾವು ಅದಕ್ಕೆ ಹಚ್ಚಿಲ್ಲ ಎಂಬುದು ನನ್ನ ತಕರಾರು.

ನಮ್ಮ ಸೀಮೆಯನ್ನು ನೋಡಿ. ಹಾನಗಲ್ ಮಲೆನಾಡಿನ ಸೆರಗು, ಭತ್ತ, ಮಾವು. ಅಲ್ಲಿಂದ ಪೂರ್ವಕ್ಕೆ ಹೊರಟು ಮುಂಡರಗಿ ಮುಟ್ಟುವಷ್ಟರಲ್ಲಿ ಜೋಳ, ಕಡಲೆ, ಸೂರ್ಯಕಾಂತಿಯ ಬಯಲು. ಮಳೆ ಅಷ್ಟು ದೂರದಲ್ಲೇ ಸೊರಗುತ್ತದೆ. ಈ ವ್ಯತ್ಯಾಸವನ್ನು ಒಂದು ಶಾಲೆಯ ಅಂಗಳದಲ್ಲಿ ನಿಂತು ಕಾಣಲಾಗದು. ಹಾನಗಲ್, ಹುಬ್ಬಳ್ಳಿ, ನವಲಗುಂದ, ಮುಂಡರಗಿಯ ಮಕ್ಕಳು ಒಂದೇ ಬೆಳಗ್ಗೆ ಅಳೆದು, ಸಂಜೆ ಒಂದೇ ಪರದೆಯ ಮೇಲೆ ಅಂಕಿ ಇಟ್ಟುಕೊಂಡರೆ ಕಾಣುತ್ತದೆ. ಪರದೆಯಿಂದ ನಾನು ಬಯಸುವುದು ಇದನ್ನು.

ಅಳೆಯುವುದಕ್ಕೆ ದುಡ್ಡು ಬೇಕಿಲ್ಲ. ಎರಡು ಲೀಟರಿನ ತಂಪು ಪಾನೀಯದ ಬಾಟಲಿ ಸಾಕು. ಹೆಗಲಿನ ಹತ್ತಿರ ಕತ್ತರಿಸಿ, ಮೇಲಿನ ತುಂಡನ್ನು ಬೋರಲು ಹಾಕಿ ಕೂರಿಸಿದರೆ ಆಲಿಕೆಯಾಗುತ್ತದೆ, ಆವಿಯಾಗುವುದೂ ಕಡಿಮೆ. ಬುಡದಲ್ಲಿ ಉಬ್ಬುತಗ್ಗು ಇರುವುದರಿಂದ ಒಂದಿಷ್ಟು ಹರಳುಕಲ್ಲು ಹಾಕಿ, ಬಾಟಲಿ ನೇರವಾಗುವಲ್ಲಿಯವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಬರೆದು, ಮೇಲಕ್ಕೆ ಸ್ಕೇಲಿನ ಪಟ್ಟಿ ಅಂಟಿಸಬೇಕು. ಗಿಡದ ಕೆಳಗೆ ಇಡಬಾರದು, ಗೋಡೆಗೆ ಒತ್ತಿಯೂ ಇಡಬಾರದು. ಹವಾಮಾನ ಇಲಾಖೆಯವರು ಮಳೆಯ ದಿನವನ್ನು ಬೆಳಗ್ಗೆ 8:30ಕ್ಕೆ ಲೆಕ್ಕ ಮುಗಿಸುತ್ತಾರೆ. ಮಕ್ಕಳೂ ಅದೇ ಹೊತ್ತಿಗೆ ನೋಡಿ ಬರೆದುಕೊಂಡು, ನೀರನ್ನು ಮತ್ತೆ ಸೊನ್ನೆಗೆ ತರಬೇಕು.

ಅಂಕಿ ಕೈಗೆ ಬಂದ ಮೇಲೆ ಲೆಕ್ಕ ತಾನಾಗಿ ಶುರುವಾಗುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಸಾವಿರ ಚದರಡಿಯ ಮಾಳಿಗೆ ಎಂದರೆ ಸುಮಾರು 93 ಚದರ ಮೀಟರ್. 20 ಮಿಲಿಮೀಟರ್ ಮಳೆಯಾದರೆ 1,860 ಲೀಟರ್ ಆ ಮಾಳಿಗೆಯಿಂದ ಗಟಾರಕ್ಕೆ ಹೋಯಿತು. ಈ ಲೆಕ್ಕವನ್ನು ನಾನು ಬೋರ್ಡಿನ ಮೇಲೆ ಬಿಡಿಸಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತಟ್ಟನೆ, 'ನಮ್ಮ ಮನೆಗೆ ನಳದ ನೀರು ವಾರದ ಮೇಲೆ ಬರುತ್ತದೆ ಸರ್, ಸಿಂಟೆಕ್ಸ್ ಸಾವಿರ ಲೀಟರಿನದು' ಎಂದಳು. ಆ ತರಗತಿಯಲ್ಲಿ ಮುಂದೆ ನಾನು ಹೆಚ್ಚು ಮಾತಾಡಬೇಕಾಗಲಿಲ್ಲ.

ಇನ್ನೂ ರುಚಿಯಾದ ಲೆಕ್ಕ ಬೆಣ್ಣೆಹಳ್ಳದ್ದು. ಹುಬ್ಬಳ್ಳಿ, ಕುಂದಗೋಳದ ಕಡೆ ಜೋರು ಮಳೆಯಾದರೆ ಆ ನೀರು ಬೆಣ್ಣೆಹಳ್ಳ ಹಿಡಿದು ನವಲಗುಂದದ ಎರೆ, ಅಂದರೆ ಕಪ್ಪು ಮಣ್ಣಿನ, ಹೊಲಗಳಿಗೆ ನುಗ್ಗುತ್ತದೆ. ಆ ದಿನ ನವಲಗುಂದದ ಹುಡುಗನ ಬಾಟಲಿಯಲ್ಲಿ ಹನಿಯೂ ಇಲ್ಲದಿರಬಹುದು, ಆದರೆ ಅವನ ಅಪ್ಪ ಬಿತ್ತಿದ ಹೆಸರುಕಾಳಿನ ಬೆಳೆ ನೀರಿನಲ್ಲಿ ನಿಂತಿರುತ್ತದೆ. ಯಾಕೆ ಎಂದು ಅವನು ಕೇಳಿದರೆ ಉತ್ತರ ಹುಬ್ಬಳ್ಳಿಯ ಬಾಟಲಿಯಲ್ಲಿದೆ. ಇನ್ನರ್ಧ ಉತ್ತರ ಮಣ್ಣಿನಲ್ಲಿ: ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿದಿದ್ದ ಎರೆ ಭೂಮಿ ನೀರು ಕುಡಿದು ಉಬ್ಬಿದ ಮೇಲೆ ಬಿರುಕೆಲ್ಲ ಮುಚ್ಚಿ, ಮುಂದಿನ ಮಳೆಯನ್ನು ಒಳಗೆ ಬಿಡದೆ ಹರಿಸಿಬಿಡುತ್ತದೆ. ಒಂದು ಹಿಡಿ ಎರೆ ಮಣ್ಣನ್ನು ಗಾಜಿನ ಶೀಶೆಯ ನೀರಿನಲ್ಲಿ ಕಲಕಿ ಇಟ್ಟರೆ ಮರಳು ಕ್ಷಣದಲ್ಲಿ ತಳ ಸೇರುತ್ತದೆ. ಜೇಡಿ ಮಾತ್ರ ಮರುದಿನವೂ ನೀರನ್ನು ಕದಡಿಯೇ ಇಟ್ಟಿರುತ್ತದೆ. ಹಾನಗಲ್ಲಿನ ಕೆಂಪು ಮಣ್ಣಿನ ಶೀಶೆಯನ್ನು ಪಕ್ಕದಲ್ಲಿ ತೋರಿಸಲು ಪರದೆಯ ಆ ಬದಿಯಲ್ಲಿ ಒಬ್ಬ ಗೆಳೆಯ ಬೇಕು, ಅಷ್ಟೇ.

ಭಾಷಣಕಾರರನ್ನೂ ಬದಲಿಸಬಹುದು. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಶಿರಹಟ್ಟಿ ಸೀಮೆಯ ಆ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಹಗಲು ಕೆರೆಯಲ್ಲಿ ವಿಶ್ರಮಿಸಿ, ಕತ್ತಲಾದ ಮೇಲೆ ಸುತ್ತಲ ಹೊಲಗಳಿಗೆ ಮೇಯಲು ಹೋಗುವ ಆ ಹಕ್ಕಿಗಳ ಬಗ್ಗೆ ದಂಡೆಯ ರೈತನೊಬ್ಬ ಮೊಬೈಲ್ ಹಿಡಿದು ಹತ್ತು ನಿಮಿಷ ಮಾತಾಡಲಿ; ತನ್ನ ಬೆಳೆ ಹಾಳಾದರೆ ಅದನ್ನೂ ಹೇಳಲಿ. ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಸಸಿಗಳನ್ನು ನೆಟ್ಟರು. 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹದ ಆ ತರುಣರು ಈಗ ಅಜ್ಜಂದಿರು. ಅವರಿಗೆ ಗದಗಿನವರೆಗೆ ಬಸ್ಸಿನಲ್ಲಿ ಬನ್ನಿ ಎನ್ನಲಾಗದು, ಮನೆಯ ಕಟ್ಟೆಯ ಮೇಲೆ ಕೂತು ಮೊಮ್ಮಗನ ಫೋನಿನಲ್ಲಿ ಮಾತಾಡಿ ಎನ್ನಬಹುದು.

ದೊಡ್ಡ ವಿಜ್ಞಾನಿಗಳೂ ಬರಲಿ, ಆದರೆ ಮಕ್ಕಳು ಅಳೆದ ಮೇಲೆ ಬರಲಿ. ಒಂದು ತಿಂಗಳು ಮಳೆ ಬರೆದುಕೊಂಡ ಹುಡುಗನ ಹತ್ತಿರ ಪ್ರಶ್ನೆಗೆ ಬರವಿರುವುದಿಲ್ಲ. ಎರಡು ಗಂಟೆಯ ಒಂದೇ ಭಾಷಣದ ಬದಲು ಅರ್ಧ ಗಂಟೆಯ ನಾಲ್ಕು ಭೇಟಿಗಳು, ನಡುವೆ ಒಂದೊಂದು ವಾರ. ಆ ವಾರಗಳೇ ಕಾರ್ಯಾಗಾರ. ಅಂಕಿ ತಪ್ಪಿ ಬಂದರೂ ತೊಂದರೆಯಿಲ್ಲ. ಒಬ್ಬ ಬಾಟಲಿಯನ್ನು ತಗಡಿನ ಮಾಡಿನ ಅಂಚಿನಡಿ ಇಟ್ಟು ದುಪ್ಪಟ್ಟು ಮಳೆ ಬರೆದರೆ, ಅದನ್ನು ಪತ್ತೆಹಚ್ಚುವ ಕೆಲಸ ಉಳಿದವರಿಗೆ ಸಿಕ್ಕಿತು.

ಮುಂದಿನ ಮೃಗಶಿರಾ ಮಳೆ ಹುಟ್ಟುವ ಹೊತ್ತಿಗೆ ಇದನ್ನು ಶುರುಮಾಡಬೇಕೆಂದಿದ್ದೇನೆ. ನವಲಗುಂದ, ಮುಂಡರಗಿ, ಹಾನಗಲ್ ಕಡೆಯ ಮೇಷ್ಟ್ರುಗಳು, ಅಕ್ಕೋರುಗಳು ಇದನ್ನು ಓದುತ್ತಿದ್ದರೆ ಸಂದೇಶ ಕಳಿಸಿ. ಬ್ಯಾಡಗಿಯಿಂದಲೂ ಒಬ್ಬರು ಸಿಕ್ಕರೆ ಚೆನ್ನ. ಶಾಲೆಯಲ್ಲಿ ಇಂಟರ್‌ನೆಟ್ ಸರಿಯಿಲ್ಲದಿದ್ದರೂ ನಡೆಯುತ್ತದೆ, ಅಂಕಿಯನ್ನು ವಾಟ್ಸ್ಆ್ಯಪಿನಲ್ಲಿ ಹಾಕಿದರಾಯಿತು. ಭಾನುವಾರವೂ 8:30ಕ್ಕೆ ಎದ್ದು ನೋಡುವ ಒಬ್ಬ ವಿದ್ಯಾರ್ಥಿ ಇರಬೇಕು, ಇದೊಂದೇ ಷರತ್ತು. ಸರ್ಟಿಫಿಕೇಟ್ ಕೊಡುವುದಿಲ್ಲ.