ಮಾತ್ರೆ ಕೊಡಿಸುವ ಸರ್ಕಾರ ಮೇಷ್ಟರ ಬೆನ್ನಿಗೂ ನಿಲ್ಲಬೇಕು

ಶಾಲೆಯಲ್ಲಿ ಶಿಕ್ಷಕರು ಮಕ್ಕಳಿಗೆ ಔಷಧಿ ಕೊಡುವಂತಿಲ್ಲ ಎಂದು ಯಾರಾದರೂ ಹೇಳಿದಾಗಲೆಲ್ಲ ನನಗೆ ಸೋಮವಾರಗಳು ನೆನಪಾಗುತ್ತವೆ. ಬಿಸಿಯೂಟ ಮುಗಿದು ತಟ್ಟೆ ತೊಳೆದಿಟ್ಟ ಮೇಲೆ ವರಾಂಡದಲ್ಲಿ ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಐದನೇ ತರಗತಿಯವರೆಗೆ ಗುಲಾಬಿ ಮಾತ್ರೆ, ಆರರಿಂದ ಮೇಲಕ್ಕೆ ನೀಲಿ ಮಾತ್ರೆ. ನೀಲಿಯದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಖಾಲಿ ಹೊಟ್ಟೆಯಲ್ಲಿ ಕೊಡಬಾರದು, ನಮ್ಮೆದುರಿಗೇ ನುಂಗಿಸಬೇಕು, ರಿಜಿಸ್ಟರಿನಲ್ಲಿ ಗುರುತು ಹಾಕಬೇಕು. ಫೆಬ್ರವರಿ 10 ಬಂದರೆ ಜಂತುಹುಳುವಿನ ಮಾತ್ರೆ. ಆಲ್ಬೆಂಡಜೋಲ್ 400 ಮಿಲಿಗ್ರಾಂ, ಅಗಿದು ತಿನ್ನಿಸಬೇಕು. 2015ರಿಂದ ಇದನ್ನು ಶಾಲೆಗಳಲ್ಲಿ ನಾವೇ ಮಾಡುತ್ತಿದ್ದೇವೆ. ಮಾತ್ರೆ ತಿಂದ ಮಗುವಿಗೆ ವಾಂತಿಯೋ ತಲೆಸುತ್ತೋ ಬಂದರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಎಂಬುದೂ ಸೂಚನೆಯಲ್ಲಿರುತ್ತದೆ. ಇಷ್ಟೆಲ್ಲ ಬರೆದುಕೊಟ್ಟಿರುವುದರಿಂದ ನಾವು ಧೈರ್ಯವಾಗಿ ಕೊಡುತ್ತೇವೆ.

ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತೇನೆ. ಒಂದರಿಂದ ಹತ್ತರವರೆಗೆ ತರಗತಿಗಳಿವೆ. ಐದನೇ ತರಗತಿಯಲ್ಲಿ ಒಬ್ಬಳು ಹುಡುಗಿಗೆ ಟೈಪ್ 1 ಮಧುಮೇಹ. ಆ ಮಗುವಿನ ದೇಹದಲ್ಲಿ ಇನ್ಸುಲಿನ್ ತಯಾರಾಗುವುದಿಲ್ಲ. ಊಟಕ್ಕೆ ಮುಂಚೆ ಹೊರಗಿನಿಂದ ಕೊಡಲೇಬೇಕು, ಜೀವವಿರುವವರೆಗೂ ಕೊಡಬೇಕು. ತಾಯಿ ಹುಣಸೆಹಣ್ಣಿನ ಬೀಜ ಬಿಡಿಸುವ ಕೂಲಿಗೆ ಹೋಗುತ್ತಾರೆ. ಮಧ್ಯಾಹ್ನ ಕೆಲಸ ಬಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಶಾಲೆಗೆ ಬರುತ್ತಾರೆ. ನಲ್ಲಿಯಲ್ಲಿ ಸೋಪು ಹಾಕಿ ಕೈ ತೊಳೆದು, ಮಗಳ ಬೆರಳು ಚುಚ್ಚಿ ಸಕ್ಕರೆ ನೋಡಿ, ಇನ್ಸುಲಿನ್ ತುಂಬಿದ ಸೂಜಿಪೆನ್ನಿನ ಹಿಂಭಾಗ ತಿರುಗಿಸುತ್ತಾರೆ. ಟಿಕ್, ಟಿಕ್ ಎಂದು ಒಂದೊಂದೇ ಯೂನಿಟ್ ಏರುತ್ತದೆ. ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಲ್ಲಿ ಹಿಡಿದು ಚುಚ್ಚಿ, ಹತ್ತರವರೆಗೆ ಎಣಿಸಿ ಸೂಜಿ ತೆಗೆಯುತ್ತಾರೆ. ಏಳನೇ ತರಗತಿಗೇ ಶಾಲೆ ಬಿಟ್ಟ ಹೆಣ್ಣುಮಗಳು ಆಸ್ಪತ್ರೆಯ ನರ್ಸ್ ಹೇಳಿಕೊಟ್ಟದ್ದನ್ನು ಒಂದು ಚೂರೂ ತಪ್ಪದೆ ಮಾಡುತ್ತಾರೆ.

"ಮೇಷ್ಟ್ರೇ, ಮಧ್ಯಾಹ್ನದ್ದೊಂದು ನೀವೇ ಹಾಕಿಬಿಟ್ಟರೆ ನನ್ನ ಅರ್ಧ ದಿನದ ಕೂಲಿ ಉಳಿಯುತ್ತದೆ" ಎಂದು ಅವರು ಕೇಳಿದರು. ನಾನು, ನನ್ನ ಜೊತೆಯ ಮೇಡಂ ಇಬ್ಬರೂ ಕಲಿಯಲು ಸಿದ್ಧರಿದ್ದೆವು. ಮುಖ್ಯ ಶಿಕ್ಷಕರು ಒಪ್ಪಲಿಲ್ಲ. "ಅಮ್ಮ, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಏನಾದರೂ ಹೆಚ್ಚುಕಮ್ಮಿಯಾದರೆ ಸ್ಟೇಷನ್ ಮೆಟ್ಟಿಲು ಹತ್ತುವವರು ಇವರು. ನನ್ನ ಕೈಯಲ್ಲಿ ಒಂದು ಆದೇಶವೂ ಇಲ್ಲ" ಎಂದರು. ಅವರು ಕಲ್ಲುಮನಸ್ಸಿನವರಲ್ಲ. ಅವರ ಭಯಕ್ಕೆ ಆಧಾರವಿದೆ.

ಆ ಆಧಾರ ಏನೆಂದು ನೋಡಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 106ನೇ ಕಲಂ ಪ್ರಕಾರ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಐದು ವರ್ಷದವರೆಗೆ ಜೈಲು. ಹಳೆಯ ದಂಡ ಸಂಹಿತೆಯಲ್ಲಿ ಇದು ಎರಡು ವರ್ಷವಿತ್ತು. ನೋಂದಾಯಿತ ವೈದ್ಯರು ಚಿಕಿತ್ಸೆ ನೀಡುವಾಗ ಹೀಗಾದರೆ ಮಾತ್ರ ಈಗಲೂ ಎರಡೇ ವರ್ಷ. ವೈದ್ಯರಿಗೆ ಇನ್ನೊಂದು ರಕ್ಷಣೆಯೂ ಇದೆ. 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವೈದ್ಯರ ಮೇಲೆ ಕ್ರಮ ಜರುಗಿಸುವ ಮುನ್ನ ತನಿಖಾಧಿಕಾರಿ ಬೇರೊಬ್ಬ ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆಯಬೇಕು ಎಂದಿತು. ವೈದ್ಯರಿಗೆ ಅದು ನ್ಯಾಯವೇ, ನನ್ನ ತಕರಾರಿಲ್ಲ. ಆದರೆ ಅದೇ ವೈದ್ಯರು ಬರೆದುಕೊಟ್ಟ ಔಷಧಿಯನ್ನು ಅವರು ಹೇಳಿದ ಪ್ರಮಾಣದಲ್ಲೇ ಕೊಟ್ಟ ಮೇಷ್ಟರಿಗೆ ಇಂಥ ಯಾವ ತಡೆಗೋಡೆಯೂ ಇಲ್ಲ.

ಕಾನೂನು ಪೂರ್ತಿ ಕೈಬಿಟ್ಟಿದೆ ಎನ್ನಲಾರೆ. ಸಂಹಿತೆಯ 27ನೇ ಕಲಂ, ಪೋಷಕರ ಒಪ್ಪಿಗೆ ಪಡೆದು 12 ವರ್ಷದೊಳಗಿನ ಮಗುವಿನ ಒಳಿತಿಗಾಗಿ ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ರಕ್ಷಣೆ ಕೊಡುತ್ತದೆ. 30ನೇ ಕಲಂ, ಒಪ್ಪಿಗೆ ಪಡೆಯಲು ಸಮಯವೇ ಇಲ್ಲದ ತುರ್ತಿನಲ್ಲಿ ನೆರವಾದವರನ್ನು ಕಾಯುತ್ತದೆ. ಆದರೆ ಸಾಕಷ್ಟು ಎಚ್ಚರ, ಗಮನ ವಹಿಸಿ ಮಾಡಿದ್ದನ್ನಷ್ಟೇ ಕಾನೂನು ಸದುದ್ದೇಶದ ಕೆಲಸವೆಂದು ಒಪ್ಪುತ್ತದೆ. ಆ ಎಚ್ಚರವನ್ನು ಒಬ್ಬ ಶಿಕ್ಷಕ ಹೇಗೆ ತೋರಿಸಬೇಕು? ಡಾಕ್ಟರ ಚೀಟಿ, ತಂದೆತಾಯಿಯ ಸಹಿ, ತರಬೇತಿಯ ದಾಖಲೆ, ದಿನದಿನದ ರಿಜಿಸ್ಟರ್ ಎಲ್ಲವೂ ಇದ್ದರೆ ತೋರಿಸಬಹುದು. ಇವ್ಯಾವುವಕ್ಕೂ ನಮ್ಮ ಶಾಲೆಗೆ ಒಂದು ನಮೂನೆಯೂ ಬಂದಿಲ್ಲ. ಅಲ್ಲದೆ ಈ ಕಲಂಗಳು ಸಾಮಾನ್ಯವಾಗಿ ನೆರವಿಗೆ ಬರುವುದು ಕೇಸು ದಾಖಲಾದ ಮೇಲೆ, ವಕೀಲರನ್ನು ಹಿಡಿದ ಮೇಲೆ. ಅಷ್ಟರಲ್ಲಿ ಆ ಶಿಕ್ಷಕನ ಹೆಸರು ಊರ ತುಂಬ ಓಡಾಡಿರುತ್ತದೆ, ಅಮಾನತಿನ ಕಾಗದವೂ ಬಂದಿರಬಹುದು.

ರಸ್ತೆ ಅಪಘಾತದಲ್ಲಿ ಗಾಯಗೊಂಡವರನ್ನು ಎತ್ತಿ ಆಸ್ಪತ್ರೆಗೆ ಸೇರಿಸಲು ಜನ ಹೀಗೇ ಹೆದರುತ್ತಿದ್ದರು. ಅಂಥವರ ರಕ್ಷಣೆಗೆ ನಮ್ಮ ರಾಜ್ಯ 2016ರಲ್ಲೇ ಮಸೂದೆ ತಂದಿತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೇಂದ್ರವೂ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿಸಿತು. ರಾಷ್ಟ್ರೀಯ ಹೆದ್ದಾರಿಯಲ್ಲಿ ಬಿದ್ದವರನ್ನು ಎತ್ತಿದ ಅಪರಿಚಿತನಿಗೆ ಸಿಕ್ಕ ಭರವಸೆ, ತರಗತಿಯಲ್ಲಿ ಬಿದ್ದ ಮಗುವನ್ನು ಎತ್ತುವ ಶಿಕ್ಷಕಿಗೆ ಯಾಕೆ ಸಿಗಬಾರದು?

ಇದು ಇನ್ಸುಲಿನ್ ಒಂದರ ಮಾತಲ್ಲ. ಉಬ್ಬಸದ ಮಗು ಬಾಯಿಗಿಟ್ಟು ಔಷಧಿ ಎಳೆದುಕೊಳ್ಳುವ ಪಂಪನ್ನು (ಇನ್ಹೇಲರ್) "ಕಳೆದುಹೋಗುತ್ತದೆ" ಎಂದು ಬೀರುವಿನಲ್ಲಿಟ್ಟು ಬೀಗ ಹಾಕುವ ಶಾಲೆಗಳಿವೆ. ಬೀಗದ ಕೈ ಇರುವವರು ಆ ದಿನ ಮೀಟಿಂಗ್‌ಗೆ ಹೋಗಿರುತ್ತಾರೆ. ಮೂರ್ಛೆರೋಗದ ಮಗು ಪ್ರಾರ್ಥನೆಯ ಸಮಯದಲ್ಲಿ ಬಿದ್ದರೆ ಇವತ್ತಿಗೂ ಕೈಗೆ ಕಬ್ಬಿಣ ಕೊಡುವವರು, ಹಲ್ಲಿನ ನಡುವೆ ಚಮಚ ತುರುಕುವವರು ಇದ್ದಾರೆ. ಮಗುವನ್ನು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಏನೂ ಹಾಕಬಾರದು, ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ ಅದು ಅಪಾಯ. ಆಗ ಮೂಗಿಗೆ ಹೊಡೆಯುವ ಮಿಡಜೋಲಮ್ ಸ್ಪ್ರೇ ಇದೆ, ವೈದ್ಯರು ಬರೆದುಕೊಡುತ್ತಾರೆ. ಪಾವಗಡದ ಗಡಿಯ ಹಳ್ಳಿಗೆ 108 ಬರುವವರೆಗೆ ಆ ಮಗುವಿನ ಪಕ್ಕದಲ್ಲಿ ಇರುವವರು ಮೇಷ್ಟರು, ಬಿಸಿಯೂಟದ ಅಕ್ಕಂದಿರು ಮಾತ್ರ.

ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ರಾಜ್ಯಗಳಿಗೆ ಪತ್ರ ಬರೆದು, ಟೈಪ್ 1 ಮಧುಮೇಹದ ಮಕ್ಕಳಿಗೆ ಶಾಲೆಯಲ್ಲಿ ಸಕ್ಕರೆ ಪರೀಕ್ಷಿಸಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ನಡುವೆ ತಿಂಡಿ ತಿನ್ನಲು ಬಿಡಬೇಕು ಎಂದಿತು. ಒಳ್ಳೆಯ ಪತ್ರ. ಹದಿನಾಲ್ಕು ವರ್ಷದವರಿಗೆ ಅಷ್ಟು ಸಾಕಾಗಬಹುದು. ಹತ್ತು ವರ್ಷದ ಮಗುವಿಗೆ ಯೂನಿಟ್ ಸರಿಯಿದೆಯೇ ಎಂದು ನೋಡಲು ದೊಡ್ಡವರೊಬ್ಬರು ಬೇಕು.

ಬೇರೆ ದೇಶಗಳು ಈ ಗಂಟನ್ನು ಬಿಡಿಸಿಕೊಂಡಿವೆ. ಇಂಗ್ಲೆಂಡ್‌ನಲ್ಲಿ 2014ರ ಮಕ್ಕಳ ಮತ್ತು ಕುಟುಂಬಗಳ ಕಾಯ್ದೆಯ 100ನೇ ಕಲಂ, ಕಾಯಿಲೆಯಿರುವ ಮಕ್ಕಳಿಗೆ ವ್ಯವಸ್ಥೆ ಮಾಡುವ ಹೊಣೆಯನ್ನು ಶಾಲೆಯ ಆಡಳಿತ ಮಂಡಳಿಯ ಮೇಲೆಯೇ ಹಾಕಿತು. ಔಷಧಿ ಕೊಡಲೇಬೇಕೆಂದು ಯಾವ ಶಿಕ್ಷಕರನ್ನೂ ಬಲವಂತ ಮಾಡುವಂತಿಲ್ಲ. ಒಪ್ಪಿದವರಿಗೆ ತರಬೇತಿ, ವಿಮೆ ಎರಡೂ ಇರಬೇಕು. ಅಮೆರಿಕದಲ್ಲಿ 2013ರ ಒಂದು ಕಾಯ್ದೆ, ಅಲರ್ಜಿಯ ತುರ್ತಿಗೆ ಬೇಕಾದ ಎಪಿನೆಫ್ರಿನ್ ಶಾಲೆಯಲ್ಲಿಟ್ಟು, ಅದನ್ನು ಕೊಡುವ ತರಬೇತಾದ ಸಿಬ್ಬಂದಿಗೆ ಕಾನೂನಿನ ರಕ್ಷಣೆ ಒದಗಿಸಿದ ರಾಜ್ಯಗಳಿಗೆ ಅನುದಾನದಲ್ಲಿ ಆದ್ಯತೆ ನೀಡಿತು.

ಬಲವಂತ ಬೇಡ ಎನ್ನುವುದು ನನಗೂ ಮುಖ್ಯ. ಜನಗಣತಿ, ಚುನಾವಣೆ, ಹಾಲು, ಮೊಟ್ಟೆ, ಆನ್‌ಲೈನ್ ಎಂಟ್ರಿಗಳ ನಡುವೆ ಪಾಠಕ್ಕೇ ಪುರುಸೊತ್ತಿಲ್ಲದ ಶಿಕ್ಷಕರ ತಲೆಗೆ ಇನ್ನೊಂದು ಹೊರೆ ಕಟ್ಟಿದರೆ ಅದರಿಂದ ಮಗುವಿಗೂ ಒಳ್ಳೆಯದಾಗುವುದಿಲ್ಲ. ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಶಾಲೆಗೆ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳೆಂದು ಗುರುತಿಸುವ ಏರ್ಪಾಡು ಈಗಾಗಲೇ ಇದೆ. ಅವರಲ್ಲಿ ಒಪ್ಪಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೈಯಾರೆ ಮಾಡಿಸಿ ಕಲಿಸಲಿ. ಆಯಾ ಮಗುವಿಗೆಂದು ವೈದ್ಯರು ಬರೆದ, ಪೋಷಕರು ಸಹಿ ಹಾಕಿದ ಔಷಧಿಗೆ ಮಾತ್ರ ರಕ್ಷಣೆ ಇರಲಿ. ತಲೆನೋವು ಎಂದ ಮಗುವಿಗೆ ತಮ್ಮ ಬ್ಯಾಗಿನ ಮಾತ್ರೆ ತೆಗೆದುಕೊಡುವವರಿಗೆ, ಒಬ್ಬರ ಔಷಧಿಯನ್ನು ಇನ್ನೊಬ್ಬರಿಗೆ ಕೊಡುವವರಿಗೆ ಈ ರಕ್ಷಣೆ ಕೂಡದು. ಕ್ರಮ ಪಾಲಿಸಿದವರ ಮೇಲೆ ವೈದ್ಯಕೀಯ ಅಭಿಪ್ರಾಯ ಪಡೆಯದೆ ಎಫ್‌ಐಆರ್ ಹಾಕಬಾರದು, ಅಮಾನತು ಮಾಡಬಾರದು. ಪೊಲೀಸರಿಗೂ ಶಿಕ್ಷಣ ಇಲಾಖೆಯ ಡಿಡಿಪಿಐ (ಉಪನಿರ್ದೇಶಕರ) ಕಚೇರಿಗೂ ಇದು ಲಿಖಿತವಾಗಿ ಹೋಗಬೇಕು.

ಸುತ್ತೋಲೆಯಿಂದ ಶುರುವಾಗಬಹುದು, ಆದರೆ ಅಷ್ಟಕ್ಕೇ ನಿಂತರೆ ಸಾಲದು. ಸುತ್ತೋಲೆ ಇಲಾಖೆಯ ಕೈಯನ್ನು ಕಟ್ಟುತ್ತದೆಯೇ ಹೊರತು ನ್ಯಾಯಾಲಯದ ಕೈಯನ್ನಲ್ಲ. ವಿಧಾನಮಂಡಲದಲ್ಲಿ ಕಾನೂನೇ ಆಗಬೇಕು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಪ್ರೌಢಶಾಲಾ ಶಿಕ್ಷಕರಾದ ನಾವು ಆಗ್ನೇಯ ಶಿಕ್ಷಕರ ಕ್ಷೇತ್ರದಿಂದ ಪರಿಷತ್ತಿಗೆ ಪ್ರತಿನಿಧಿಯನ್ನು ಕಳಿಸುತ್ತೇವೆ. ಮತ ಕೇಳಲು ಬಂದವರ ಬಳಿ ಪಿಂಚಣಿ, ವರ್ಗಾವಣೆ, ಬಡ್ತಿಯ ಬಗ್ಗೆ ಮಾತಾಡುತ್ತೇವೆ, ಮಾತಾಡಲೇಬೇಕು. ಈ ಬಾರಿ ನಮ್ಮ ಸ್ಟಾಫ್ ರೂಮಿಗೆ ಬಂದವರಿಗೆ ನಾನು ಈ ವಿಷಯದ ಮನವಿಪತ್ರ ಕೊಡುತ್ತೇನೆ. ಕರಡು ಸಿದ್ಧವಿದೆ. ಸಹಿ ಹಾಕಲು, ತಿದ್ದಲು ಇಷ್ಟವಿರುವ ಶಿಕ್ಷಕರು, ಇಂಥ ಮಕ್ಕಳಿರುವ ತಂದೆತಾಯಿಯರು ನನಗೆ ಸಂದೇಶ ಕಳಿಸಿ.